ಇಂಗ್ಲೆಂಡಿನ ಹಳೆಯ ಬಂಗಲೆಗಳ ತೋಟ ನೋಡಲು ಹೋಗುವವರ ಪ್ರಶ್ನೆಗಳು

ಊರಿನಿಂದ ಬರುವ ನೆಂಟರು, ಯುಗಾದಿ ಊಟಕ್ಕೆ ಸೇರಿದಾಗ ಸಿಗುವ ಗೆಳೆಯರು, ಇಲ್ಲಿ ಓದುವ ಮಕ್ಕಳನ್ನು ನೋಡಲು ಬರುವ ತಂದೆತಾಯಿಯರು ಎದುರಿಗೂ ಪತ್ರದಲ್ಲೂ ನನ್ನನ್ನು ಕೇಳುತ್ತಾ ಬಂದಿರುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇನೆ. ನನ್ನ ಮಟ್ಟಿಗೆ ಇಂಗ್ಲೆಂಡನ್ನು ಅರಿಯಲು ಲಂಡನ್ನಿನ ಗಡಿಯಾರದ ಗೋಪುರಕ್ಕಿಂತ ಒಂದು ಹಳೆಯ ತೋಟ ಹೆಚ್ಚು ನೆರವಾಗುತ್ತದೆ.

## ಮೊದಲ ಸಲ ಹೋಗುವವರಿಗೆ

ಈ ಬಂಗಲೆಗಳು ಯಾರದೋ ಸ್ವಂತ ಮನೆ ಎನ್ನುತ್ತೀರಿ. ಹಾಗಾದರೆ ನಮ್ಮನ್ನು ಒಳಗೆ ಹೇಗೆ ಬಿಡುತ್ತಾರೆ?

ತೋಟಗಳಲ್ಲಿ ಮೂರು ಬಗೆಯಿವೆ. ಕೆಲವು ಇಂದಿಗೂ ಮನೆತನದ ಕೈಯಲ್ಲೇ ಇದ್ದು, ಟಿಕೆಟ್ ಪಡೆದವರಿಗೆ ನಿಗದಿತ ದಿನಗಳಲ್ಲಿ ತೆರೆದಿರುತ್ತವೆ. ಆಕ್ಸ್‌ಫರ್ಡ್‌ಶೈರ್‌ನ ರೌಶಮ್, ಕಂಬ್ರಿಯಾದ ಲೆವೆನ್ಸ್ ಹಾಲ್, ಸಫೋಕ್‌ನ ಹೆಲ್ಮಿಂಗ್‌ಹ್ಯಾಮ್ ಹಾಲ್ ಈ ಬಗೆಯವು. ಹೆಲ್ಮಿಂಗ್‌ಹ್ಯಾಮ್‌ನಲ್ಲಿ ಮನೆಯ ಸುತ್ತಲಿನ ಕಂದಕದ ಸೇತುವೆಗಳನ್ನು ಈಗಲೂ ಪ್ರತಿ ರಾತ್ರಿ ಮೇಲೆತ್ತುತ್ತಾರೆ. ನೀವು ಕಾಲಿಡುವುದು ಜನ ವಾಸವಿರುವ ಮನೆಯ ಅಂಗಳಕ್ಕೆ ಎಂಬುದಕ್ಕೆ ಇದಕ್ಕಿಂತ ಗುರುತು ಬೇಕಿಲ್ಲ. ಎರಡನೆಯ ಬಗೆಯವು, 1895ರಲ್ಲಿ ಹುಟ್ಟಿದ ನ್ಯಾಷನಲ್ ಟ್ರಸ್ಟ್ ಎಂಬ ದತ್ತಿ ಸಂಸ್ಥೆಗೆ ಸೇರಿದ ತೋಟಗಳು. ಸಿಸಿಂಗ್‌ಹರ್ಸ್ಟ್, ಹಿಡ್ಕೋಟ್, ಸ್ಟೌರ್‌ಹೆಡ್ ಅಲ್ಲಿ ಬರುತ್ತವೆ. ಮೂರನೆಯವು ವರ್ಷದಲ್ಲಿ ಒಂದೋ ಎರಡೋ ದಿನ ಮಾತ್ರ, ದಾನಕ್ಕಾಗಿ ಬಾಗಿಲು ತೆರೆಯುವಂಥವು. ನನಗೆ ಹೆಚ್ಚು ಪ್ರಿಯವಾದವು ಇವೇ.

ದಾನಕ್ಕಾಗಿ ತೆರೆಯುವ ತೋಟಗಳಿಗೆ ಹಳದಿ ಪುಸ್ತಕವೊಂದಿದೆ ಎನ್ನುತ್ತಾರೆ. ಅದು ಏನು?

ಬ್ರಿಟನ್ನಿನಲ್ಲಿ ಸರ್ಕಾರಿ ಆರೋಗ್ಯ ಸೇವೆ ಬಂದದ್ದು 1948ರಲ್ಲಿ. ಅದಕ್ಕೂ ಮೊದಲು ಮನೆಮನೆಗೆ ಹೋಗಿ ಬಡ ರೋಗಿಗಳ ಆರೈಕೆ ಮಾಡುತ್ತಿದ್ದ ದಾದಿಯರ ಸಂಬಳಕ್ಕೆ ಜನರೇ ಹಣ ಕೂಡಿಸಬೇಕಿತ್ತು. ಅವರ ಸಂಸ್ಥೆಯ ಸಮಿತಿಯಲ್ಲಿದ್ದ ಎಲ್ಸಿ ವ್ಯಾಗ್ ಎಂಬಾಕೆ, ಶ್ರೀಮಂತರು ತಮ್ಮ ತೋಟಗಳನ್ನು ತಲೆಗೊಂದು ಶಿಲಿಂಗ್ ಪಡೆದು ಜನರಿಗೆ ತೋರಿಸಲಿ ಎಂದು ಸೂಚಿಸಿದರು. 1927ರಲ್ಲಿ 609 ತೋಟಗಳು ತೆರೆದವು, 8,000 ಪೌಂಡ್‌ಗೂ ಹೆಚ್ಚು ಹಣ ಸೇರಿತು. ಅದೇ ಇಂದಿನ ನ್ಯಾಷನಲ್ ಗಾರ್ಡನ್ ಸ್ಕೀಮ್. ಈಗ ವರ್ಷಕ್ಕೆ ಸುಮಾರು 3,500 ತೋಟಗಳು ಇದರಡಿ ತೆರೆಯುತ್ತವೆ. ದೊಡ್ಡ ಬಂಗಲೆಗಳೂ ಇವೆ, ಸಾಲುಮನೆಗಳ ಪುಟ್ಟ ಹಿತ್ತಿಲುಗಳೂ ಇವೆ. ಯಾವ ತೋಟ ಯಾವ ದಿನ ಎಂದು ತಿಳಿಸುವ ಹಳದಿ ರಟ್ಟಿನ ಪುಸ್ತಕ ಪ್ರತಿ ವರ್ಷ ಹೊರಬರುತ್ತದೆ, ಅಂತರ್ಜಾಲದಲ್ಲೂ ಹುಡುಕಬಹುದು. ಹಳ್ಳಿಯ ತಿರುವಿನಲ್ಲಿ ಹಳದಿ ಫಲಕ ಕಂಡರೆ ಗಾಡಿ ನಿಲ್ಲಿಸಿ. ನೀವು ಕೊಡುವ ಹಣ ಇಂದಿಗೂ ದಾದಿಯರಿಗೆ, ಕ್ಯಾನ್ಸರ್ ರೋಗಿಗಳ ಆರೈಕೆಗೆ ಸಲ್ಲುತ್ತದೆ.

ಲಾಲ್‌ಬಾಗ್ ನೋಡಿ ಬೆಳೆದವರು ನಾವು. ಅಲ್ಲಿ ಹೊಸದೇನಿದೆ?

ಲಾಲ್‌ಬಾಗ್ ಕಂಡವರಿಗೆ ಇಲ್ಲಿ ಹಳೆಯ ನೆಂಟಸ್ತಿಕೆಯೇ ಸಿಗುತ್ತದೆ. ಡರ್ಬಿಶೈರ್‌ನ ಚಾಟ್ಸ್‌ವರ್ತ್ ಡೆವನ್‌ಶೈರ್ ಡ್ಯೂಕರ ಮನೆ. ಅಲ್ಲಿ ಮುಖ್ಯ ತೋಟಗಾರನಾಗಿದ್ದ ಜೋಸೆಫ್ ಪ್ಯಾಕ್ಸ್‌ಟನ್ ಉಷ್ಣವಲಯದ ಗಿಡಗಳನ್ನು ಬೆಳೆಸಲು ಗಾಜಿನ ಮನೆಗಳನ್ನು ಕಟ್ಟಿ ಕಟ್ಟಿ ಪಳಗಿದವನು. ಅದೇ ಅನುಭವದಿಂದ 1851ರ ಲಂಡನ್ ಪ್ರದರ್ಶನಕ್ಕೆ ಕ್ರಿಸ್ಟಲ್ ಪ್ಯಾಲೇಸ್ ರೂಪಿಸಿದ. ಅದನ್ನು ನೋಡಿ ಬೆಂಗಳೂರಿನಲ್ಲಿ 1889ರಲ್ಲಿ ಆರಂಭವಾದದ್ದು ನಮ್ಮ ಲಾಲ್‌ಬಾಗಿನ ಗಾಜಿನ ಮನೆ.

ಇನ್ನೊಂದು ನೆಂಟಸ್ತಿಕೆ ನಮ್ಮ ತಟ್ಟೆಯಲ್ಲೇ ಇದೆ. ಮಾರಿಷಸ್‌ನಿಂದ ಬಂದ ಬಾಳೆಯೊಂದನ್ನು ಪ್ಯಾಕ್ಸ್‌ಟನ್ 1830ರ ದಶಕದಲ್ಲಿ ಚಾಟ್ಸ್‌ವರ್ತ್‌ನ ಗಾಜಿನ ಮನೆಯಲ್ಲಿ ಬೆಳೆಸಿ, ಆ ಡ್ಯೂಕರ ಮನೆತನದ ಹೆಸರಿಟ್ಟು ಕ್ಯಾವೆಂಡಿಷ್ ಎಂದು ಕರೆದ. ನಮ್ಮ ಮಾರುಕಟ್ಟೆಯ ಪಚ್ಚಬಾಳೆ, ರೈತರು ಹಾಕುವ ಜಿ-9 ಎರಡೂ ಆ ಗುಂಪಿನವೇ.

ಆದರೆ ಒಂದು ವ್ಯತ್ಯಾಸವಿದೆ. ಲಾಲ್‌ಬಾಗ್ ಊರಿನ ತೋಟ. ಇವು ಒಂದೊಂದು ಮನೆಯ ತೋಟಗಳು. ಯಾರೋ ಒಬ್ಬರು ಇಲ್ಲಿ ಕಿಟಕಿಯಿಂದ ನೋಡಿದಾಗ ಏನು ಕಾಣಬೇಕು ಎಂದು ಯೋಚಿಸಿ ಮರ ನೆಟ್ಟಿದ್ದಾರೆ, ಅದು ಬೆಳೆದು ನಿಲ್ಲುವುದನ್ನು ಅವರ ಮೊಮ್ಮಕ್ಕಳು ನೋಡಿದ್ದಾರೆ.

ನಮಗೆ ರಜೆ ಸಿಗುವುದು ಏಪ್ರಿಲ್-ಮೇನಲ್ಲಿ. ಆಗ ಬಂದರೆ ಹೂವು ಇರುತ್ತದೆಯೇ?

ಧಾರಾಳವಾಗಿ. ಏಪ್ರಿಲ್‌ನಲ್ಲಿ ಟುಲಿಪ್, ತಿಂಗಳ ಕೊನೆಯಿಂದ ಮೇ ನಡುವಿನವರೆಗೆ ಮರಗಳ ಕೆಳಗೆ ನೀಲಿ ಹೊಗೆ ಹರಡಿದಂತೆ ಬ್ಲೂಬೆಲ್, ಮೇನಲ್ಲಿ ಗೋಡೆಯಿಂದ ಇಳಿಬೀಳುವ ವಿಸ್ಟೀರಿಯಾ ಮತ್ತು ರೋಡೋಡೆಂಡ್ರನ್. ಗುಲಾಬಿಗಾಗಿಯೇ ಬರುವವರು ಜೂನ್ ಆರಿಸಿಕೊಳ್ಳಲಿ. ಆಗಸ್ಟ್‌ನಲ್ಲಿ ಎಷ್ಟೋ ತೋಟಗಳು ಸ್ವಲ್ಪ ಬಾಡುತ್ತವೆ. ಪೂರ್ವ ಸಸೆಕ್ಸ್‌ನ ಗ್ರೇಟ್ ಡಿಕ್ಸ್‌ಟರ್ ಮಾತ್ರ ಆಗಲೂ ಬಣ್ಣದಲ್ಲಿ ಮುಳುಗಿರುತ್ತದೆ. ನವೆಂಬರ್‌ನಿಂದ ಹೆಚ್ಚಿನ ಖಾಸಗಿ ತೋಟಗಳು ಮುಚ್ಚುತ್ತವೆ. ಫೆಬ್ರುವರಿಯಲ್ಲಿ ಸ್ನೋಡ್ರಾಪ್ ಎಂಬ ಬಿಳಿ ಪುಟ್ಟ ಹೂವು ಅರಳಿದಾಗ ಕೆಲವು ತೋಟಗಳು ಅದೊಂದಕ್ಕಾಗಿಯೇ ಬಾಗಿಲು ತೆರೆಯುತ್ತವೆ.

## ಹೊರಡುವ ಮುನ್ನ

ಕಾರು ಇಲ್ಲದವರು ಏನು ಮಾಡಬೇಕು?

ಈ ಬಂಗಲೆಗಳನ್ನು ಕಟ್ಟಿದ್ದೇ ಊರಿನಿಂದ ದೂರ, ಹಾಗಾಗಿ ಕಷ್ಟವಿದೆ. ಆದರೆ ರೈಲ್ವೆ ನಿಲ್ದಾಣದಿಂದ ನಡೆದೇ ಹೋಗಬಹುದಾದವೂ ಇವೆ. ರೌಶಮ್‌ಗೆ ಆಕ್ಸ್‌ಫರ್ಡ್-ಬ್ಯಾನ್‌ಬರಿ ದಾರಿಯ ಹೇಫರ್ಡ್ ನಿಲ್ದಾಣದಲ್ಲಿ ಇಳಿದರೆ ಸಾಕು. ಭಾನುವಾರ ಹಳ್ಳಿ ಬಸ್ಸುಗಳನ್ನು ನಂಬಬೇಡಿ.

ಟಿಕೆಟ್ ಕೊಡುವಾಗ "ಗಿಫ್ಟ್ ಏಡ್ ಹಾಕಲೇ" ಎಂದು ಕೇಳುತ್ತಾರೆ. ಹೂಂ ಎನ್ನಬೇಕೇ?

ನೀವು ಬ್ರಿಟನ್ನಿನಲ್ಲಿ ಆದಾಯ ತೆರಿಗೆ ಕಟ್ಟುವವರಾದರೆ ಮಾತ್ರ. ಹಾಗೆ ಕಟ್ಟುವವರು ಒಪ್ಪಿದರೆ ಪ್ರತಿ ಪೌಂಡ್ ದಾನಕ್ಕೆ 25 ಪೆನ್ಸ್‌ನಂತೆ ದತ್ತಿ ಸಂಸ್ಥೆಗೆ ಸರ್ಕಾರದಿಂದ ಸಿಗುತ್ತದೆ. ಪ್ರವಾಸಕ್ಕೆ ಬಂದವರು ಬೇಡ ಎಂದು ಹೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ದಾನಕ್ಕಾಗಿ ತೆರೆಯುವ ಸಣ್ಣ ತೋಟಗಳಿಗೆ ಹೋಗುವಾಗ ಸ್ವಲ್ಪ ಚಿಲ್ಲರೆ ಹಣ ಇಟ್ಟುಕೊಳ್ಳಿ.

ಅಮ್ಮನಿಗೆ ಮಂಡಿನೋವು. ನಡೆಯಲು ಆಗುತ್ತದೆಯೇ?

ತೋಟದಿಂದ ತೋಟಕ್ಕೆ ಬೇರೆ. ಮೊದಲೇ ಫೋನು ಮಾಡಿ ಮೆಟ್ಟಿಲೆಷ್ಟು, ಜಲ್ಲಿ ಹಾಸಿದ ದಾರಿಯೇ ಎಂದು ಕೇಳಿ. ಬೆಂಚುಗಳು ಎಲ್ಲೆಡೆ ಇರುತ್ತವೆ. ಸೀರೆ ಉಟ್ಟರೂ ಕಾಲಿಗೆ ಬೂಟು ಇರಲಿ, ಏಕೆಂದರೆ ಮಳೆ ನಿಂತ ಮೇಲೆ ಹುಲ್ಲಿನಲ್ಲಿ ಚಪ್ಪಲಿ ಜಾರುತ್ತದೆ.

ಮಕ್ಕಳನ್ನು ಕರೆದುಕೊಂಡು ಹೋಗಬಹುದೇ?

ಹೆಚ್ಚಿನ ಕಡೆ ಸಂತೋಷದಿಂದ ಬರಮಾಡಿಕೊಳ್ಳುತ್ತಾರೆ. ರೌಶಮ್‌ನಲ್ಲಿ ಮಾತ್ರ 15 ವರ್ಷದೊಳಗಿನವರಿಗೆ ಪ್ರವೇಶವಿಲ್ಲ, ನಾಯಿಗಳಿಗೂ ಇಲ್ಲ. ದೂರದಿಂದ ಹೋಗಿ ಬಾಗಿಲಲ್ಲಿ ನಿರಾಶರಾಗುವುದು ಬೇಡ. ಮಕ್ಕಳಿದ್ದರೆ ಲೆವೆನ್ಸ್ ಹಾಲ್ ನೋಡಿ. 1690ರ ದಶಕದಲ್ಲಿ ನೆಟ್ಟ ಯೂ ಮತ್ತು ಬಾಕ್ಸ್ ಎಂಬ ನಿತ್ಯಹಸಿರು ಗಿಡಗಳನ್ನು ಛತ್ರಿ, ಟೋಪಿ, ಚದುರಂಗದ ಕಾಯಿಗಳ ಹಾಗೆ ಕತ್ತರಿಸಿ ನಿಲ್ಲಿಸಿದ್ದಾರೆ. ಶರತ್ಕಾಲದಲ್ಲಿ ಆರಂಭವಾದ ಕತ್ತರಿ ಕೆಲಸ ತಿಂಗಳುಗಟ್ಟಲೆ ನಡೆಯುತ್ತದೆ.

ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋದರೆ ಏನಾದರೂ ಅನ್ನುತ್ತಾರೆಯೇ? ಮೊಟ್ಟೆ ಇಲ್ಲದ್ದು ಸಿಗುತ್ತದೆಯೇ?

ಬುತ್ತಿ ಕಟ್ಟಿಕೊಂಡು ಹೋಗುವುದು ಇಲ್ಲಿಯವರಿಗೂ ಪ್ರಿಯವೇ. ಕೆಲವು ತೋಟಗಳಲ್ಲಿ ಊಟಕ್ಕೆ ಬೇರೆ ಜಾಗ ಗುರುತಿಸಿರುತ್ತಾರೆ, ಕೇಳಿ ಕುಳಿತುಕೊಳ್ಳಿ. ರೌಶಮ್‌ನಲ್ಲಿ ಅಂಗಡಿಯೂ ಇಲ್ಲ, ಚಹಾದ ಕೋಣೆಯೂ ಇಲ್ಲ. ಅಲ್ಲಿಗೆ ಬುತ್ತಿ ಬೇಕೇ ಬೇಕು. ಹಳದಿ ಪುಸ್ತಕದ ತೋಟಗಳಲ್ಲಿ ಊರಿನ ಹೆಂಗಸರು, ಗಂಡಸರು ಮನೆಯಲ್ಲೇ ಮಾಡಿ ತಂದ ಕೇಕ್ ಮೇಜಿನ ತುಂಬ ಇರುತ್ತದೆ. ಕೇಕ್‌ನಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ, ಸ್ಕೋನ್ ಎಂಬ ಸಣ್ಣ ಬನ್ನಿನ ಮೇಲೆಯೂ ಹೊಳಪಿಗೆ ಮೊಟ್ಟೆ ಸವರಿರುತ್ತಾರೆ. ಮಾಡಿದವರೇ ಎದುರಿಗಿರುವುದರಿಂದ ಕೇಳುವುದು ಸುಲಭ.

## ಒಳಗೆ ಕಾಲಿಟ್ಟ ಮೇಲೆ

ಮನೆಯವರು ಎದುರಾದರೆ ಏನು ಮಾತನಾಡುವುದು? ಲಾರ್ಡ್, ಲೇಡಿ ಎನ್ನಬೇಕೇ?

ಬೇಕಿಲ್ಲ. ನಗುಮುಖದ ಒಂದು ನಮಸ್ಕಾರ ಸಾಕು. ಅದಕ್ಕಿಂತ ಮುಖ್ಯವಾಗಿ, ಮಂಡಿಯೂರಿ ಮಣ್ಣಿನಲ್ಲಿ ಕೆಲಸ ಮಾಡುತ್ತಿರುವವರನ್ನು ಮಾತನಾಡಿಸಿ. ಅವರು ತೋಟಗಾರರಾಗಿರಬಹುದು, ಮನೆಯೊಡತಿಯೇ ಆಗಿರಬಹುದು. "ಎಷ್ಟು ಚೆನ್ನಾಗಿದೆ" ಎಂದು ಮುಂದೆ ಸಾಗುವವರೇ ಎಲ್ಲ. ಒಂದು ಗಿಡದ ಎದುರು ನಿಂತು ಅದರ ಬಗ್ಗೆ ಕೇಳಿದರೆ ಅವರ ಮುಖ ಅರಳುತ್ತದೆ.

ಒಂದು ಜುಲೈನಲ್ಲಿ ನನ್ನ ಅಮ್ಮನನ್ನು ಇಂಥದ್ದೊಂದು ಮನೆಯ ತರಕಾರಿ ತೋಟಕ್ಕೆ ಕರೆದೊಯ್ದಿದ್ದೆ. ಅಮ್ಮನಿಗೆ ಇಂಗ್ಲಿಷ್ ಬಾರದು. ಕೋಲುಗಳಿಗೆ ಹಬ್ಬಿದ ಸ್ವೀಟ್ ಪೀ ಎಂಬ ಹೂಬಳ್ಳಿಯ ಮುಂದೆ ನಿಂತು, ಎಲೆ ಮುಟ್ಟಿ, ಎಳೆಯ ಕಾಯಿ ನೋಡಿ, "ಇದು ನಮ್ಮ ಅವರೆಯ ಬಳಗ ಕಣೋ" ಎಂದರು. ನಾನು ಅದನ್ನು ಅಲ್ಲಿದ್ದ ಹಿರಿಯ ತೋಟಗಾರ್ತಿಗೆ ಹೇಳಿದೆ. ಆಕೆ ಜೇಬಿನಿಂದ ಕತ್ತರಿ ತೆಗೆದು ಆ ಕಾಯಿಯನ್ನು ಚಕ್ಕನೆ ಕತ್ತರಿಸಿ ತೋರಿಸಿದರು: ಕಾಯಿ ಕಟ್ಟಲು ಬಿಟ್ಟರೆ ಬಳ್ಳಿ ಹೂ ಬಿಡುವುದನ್ನು ನಿಲ್ಲಿಸುತ್ತದೆ, ಕೊಯ್ದಷ್ಟೂ ಅರಳುತ್ತದೆ. ಅಮ್ಮ ತಲೆಯಾಡಿಸಿ, ಸೇವಂತಿಗೆಯ ಕುಡಿ ಚಿವುಟುವ ಹಾಗೆ ಬೆರಳಲ್ಲಿ ಮಾಡಿ ತೋರಿಸಿದರು. ಅರ್ಧ ಗಂಟೆ ಇಬ್ಬರೂ ಪಾತಿಯಿಂದ ಪಾತಿಗೆ ಹೋದರು. ಆಮೇಲೆ ನನ್ನ ಅನುವಾದ ಯಾರಿಗೂ ಬೇಕಾಗಲಿಲ್ಲ.

ಒಂದು ಕಡ್ಡಿ ಮುರಿದುಕೊಂಡು ಬಂದರೆ ತಪ್ಪೇ? ಅಲ್ಲಿ ಕೊಂಡ ಗಿಡವನ್ನು ಊರಿಗೆ ತರಬಹುದೇ?

ಕಡ್ಡಿ ಮುರಿಯುವುದು ತಪ್ಪು. ಬಿದ್ದ ಬೀಜವನ್ನೂ ಕೇಳದೆ ಎತ್ತಬೇಡಿ. ನಮ್ಮಲ್ಲಿ ನೆರೆಮನೆಯವರ ದಾಸವಾಳದ ಕಡ್ಡಿ ಕೇಳಿ ತರುವುದು ವಾಡಿಕೆ, ಇಲ್ಲಿಯೂ ತೋಟದ ಪ್ರಿಯರು ಕೇಳಿದರೆ ಕೊಡುವುದುಂಟು. ಕೇಳದೆ ತೆಗೆದರೆ ಮಾತ್ರ ಮನಸ್ಸು ಮುರಿಯುತ್ತದೆ. ಎಷ್ಟೋ ತೋಟಗಳಲ್ಲಿ ಸಸಿಗಳ ಮಾರಾಟ ಇರುತ್ತದೆ, ಇಲ್ಲಿ ಮನೆಯಿದ್ದವರು ಕೊಳ್ಳಿ. ಭಾರತಕ್ಕೆ ಒಯ್ಯುವ ಯೋಚನೆ ಬೇಡ. ಭಾರತದ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಗಿಡ, ಗೆಡ್ಡೆ, ಬಿತ್ತನೆ ಬೀಜಗಳಿಗೆ ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಸೂಟ್‌ಕೇಸಿನಲ್ಲಿ ಅಡಗಿಸಿ ತಂದ ಒಂದು ಗೆಡ್ಡೆಯ ಮಣ್ಣಿನಲ್ಲಿ ಯಾವ ರೋಗ ಬಂದೀತೋ! ನಮ್ಮ ಊರಿನ ತೋಟಗಳ ಮೇಲೆ ಪ್ರೀತಿಯಿದ್ದವರು ಹಾಗೆ ಮಾಡಬಾರದು.

ಬೇಲಿ ಇಲ್ಲದ ಕಡೆ ಎಲ್ಲಿ ಬೇಕಾದರೂ ನಡೆಯಬಹುದೇ?

ಇಲ್ಲ. 2000ದ ಕಾಯ್ದೆಯೊಂದು ಬೆಟ್ಟ, ಬಯಲುಗಳಲ್ಲಿ ಜನರಿಗೆ ಓಡಾಡುವ ಹಕ್ಕು ಕೊಟ್ಟಿದೆ. ಆದರೆ ಮನೆಯ ತೋಟ ಮತ್ತು ಪಾರ್ಕುಗಳು ಅದರಿಂದ ಹೊರಗೆ. ಇದಕ್ಕೆ ಪ್ರತಿಯಾಗಿ, ಸಾರ್ವಜನಿಕ ಕಾಲುದಾರಿ ಎಂದು ಗುರುತಿಸಿದ ದಾರಿ ಬಂಗಲೆಯ ಹುಲ್ಲುಗಾವಲಿನ ನಡುವೆಯೇ ಹೋದರೂ ಅಲ್ಲಿ ನಡೆಯುವುದು ನಿಮ್ಮ ಹಕ್ಕು. ಅದಕ್ಕೆ ಟಿಕೆಟ್ ಬೇಕಿಲ್ಲ, ದಾರಿ ಬಿಟ್ಟು ಕದಲಬಾರದು ಅಷ್ಟೆ.

## ಇನ್ನಷ್ಟು ತಿಳಿಯಬೇಕೆನ್ನುವವರಿಗೆ

ರೌಶಮ್, ಸ್ಟೌರ್‌ಹೆಡ್‌ಗಳಲ್ಲಿ ಬರೀ ಹುಲ್ಲು, ಮರ, ನೀರು. ಇದರಲ್ಲಿ ತೋಟ ಎಲ್ಲಿದೆ?

ನೀವು ನೋಡುತ್ತಿರುವ ಪ್ರತಿಯೊಂದೂ ಮಾಡಿದ್ದೇ. 18ನೆಯ ಶತಮಾನದಲ್ಲಿ ಇಂಗ್ಲಿಷರು ನೆಟ್ಟಗಿನ ಸಾಲುಗಳನ್ನು ಬಿಟ್ಟು, ಚಿತ್ರದಲ್ಲಿ ಬರೆದ ಹಾಗೆ ಭೂಮಿಯನ್ನೇ ತಿದ್ದಲು ತೊಡಗಿದರು. 1716ರಲ್ಲಿ ಹುಟ್ಟಿದ ಲ್ಯಾನ್ಸಲಟ್ ಬ್ರೌನ್ ಗುಡ್ಡ ಕರಗಿಸಿ, ಹಳ್ಳಕ್ಕೆ ಕಟ್ಟೆ ಕಟ್ಟಿ ಕೆರೆ ಮಾಡಿ, ಮರಗಳ ಗುಂಪುಗಳನ್ನು ನೆಟ್ಟು ಇಂಗ್ಲೆಂಡಿನ ಚಹರೆಯನ್ನೇ ಬದಲಿಸಿದ. ಇದು ಸಹಜ ಕಾಡು ಎಂದು ನಿಮಗೆ ಅನ್ನಿಸಿದರೆ ಅವನ ಕೆಲಸ ಗೆದ್ದಿತು.

ಹುಲ್ಲುಹಾಸಿನಿಂದ ನೋಡಿದರೆ ದೂರದಲ್ಲಿ ದನಗಳು ಮೇಯುತ್ತಿರುತ್ತವೆ. ನಡುವೆ ಬೇಲಿಯೇ ಕಾಣದು, ಆದರೂ ಅವು ತೋಟಕ್ಕೆ ನುಗ್ಗುವುದಿಲ್ಲ. ಅಂಚಿಗೆ ನಡೆದು ಹೋಗಿ ನೋಡಿ: ಮಲೆನಾಡಿನವರು ಅಡಿಕೆ ತೋಟದ ಸುತ್ತ ತೋಡುವ ಅಗಳಿನಂಥದ್ದೇ ಒಂದು ಅಗಳು. ಮನೆಯ ಕಡೆಗೆ ನೆಟ್ಟಗೆ ಕಲ್ಲಿನ ಗೋಡೆ, ಆಚೆ ಕಡೆಗೆ ಇಳಿಜಾರು. ಇದಕ್ಕೆ ಹಾಹಾ ಎಂದು ಹೆಸರು.

ರೌಶಮ್‌ನ ತೋಟವನ್ನು ವಿಲಿಯಂ ಕೆಂಟ್ 1738ರಿಂದ 1741ರವರೆಗೆ ರೂಪಿಸಿದ. ಮುಂದೆ ಅದನ್ನು ಯಾರೂ ಹೆಚ್ಚು ಬದಲಿಸಲಿಲ್ಲ ಎಂಬುದೇ ಅದರ ದೊಡ್ಡತನ. ಅಲ್ಲಿ ಒಂದು ಕಾಲುವೆಯಿದೆ. ಕಾಲೆತ್ತಿ ಇಟ್ಟರೆ ದಾಟಿಬಿಡಬಹುದು, ಅಷ್ಟು ಕಿರಿದು. ಎರಡು ಬದಿಗೂ ಕಲ್ಲು ಕಟ್ಟಿದ್ದಾರೆ. ಮರಗಳ ನೆರಳಲ್ಲಿ ಹಾವಿನಂತೆ ಬಳುಕುತ್ತಾ ಬಂದು ಎಂಟು ಮೂಲೆಯ ಕೊಳವೊಂದನ್ನು ತುಂಬಿಸಿ, ಮತ್ತೆ ಬಳುಕುತ್ತಾ ಮುಂದೆ ಹೋಗುತ್ತದೆ. ಅದರ ಜೊತೆ ನಡೆಯುವಾಗ ಮುಂದಿನ ತಿರುವಿನಲ್ಲಿ ಏನಿದೆ ಎಂದು ಕಾಣದು. ಹಾಗೇ ಹೋದರೆ ಥಟ್ಟನೆ ಬಯಲು, ಕಮಾನು, ವೀನಸ್ ದೇವತೆಯ ವಿಗ್ರಹ. ಅಲ್ಲೇ ಬದಿಯಲ್ಲಿ ಮನೆಯ ಬೇಟೆನಾಯಿ ರಿಂಗ್‌ವುಡ್‌ನ ನೆನಪಿಗೆ ಕಲ್ಲಿನಲ್ಲಿ ಕೆತ್ತಿದ ಸಾಲುಗಳು. ನಮ್ಮಲ್ಲಿ ಆತಕೂರಿನ ಶಾಸನ ಕಾಳಿ ಎಂಬ ನಾಯಿಯನ್ನು ನೆನೆಯುತ್ತದಲ್ಲ, ನನಗೆ ಪ್ರತಿ ಸಲವೂ ಅದು ನೆನಪಾಗುತ್ತದೆ.

ಹಿಡ್ಕೋಟ್, ಸಿಸಿಂಗ್‌ಹರ್ಸ್ಟ್ ತೋಟಗಳಲ್ಲಿ "ಕೋಣೆಗಳು" ಇವೆ ಎನ್ನುತ್ತಾರೆ. ಹಾಗೆಂದರೇನು?

ಎತ್ತರದ ಹಸಿರು ಬೇಲಿಗಳೇ ಗೋಡೆಗಳಾಗಿ, ಒಂದೊಂದು ಆವರಣಕ್ಕೆ ಒಂದೊಂದು ಬಣ್ಣ ಅಥವಾ ಭಾವ. 1907ರ ಬಳಿಕ ಲಾರೆನ್ಸ್ ಜಾನ್‌ಸ್ಟನ್ ಹಿಡ್ಕೋಟ್‌ನಲ್ಲಿ ಇದನ್ನು ಮಾಡಿದ. ವೀಟಾ ಸ್ಯಾಕ್‌ವಿಲ್-ವೆಸ್ಟ್ ಮತ್ತು ಹೆರಾಲ್ಡ್ ನಿಕೋಲ್ಸನ್ ದಂಪತಿ 1930ರಲ್ಲಿ ಪಾಳುಬಿದ್ದ ಸಿಸಿಂಗ್‌ಹರ್ಸ್ಟ್ ಕೊಂಡು ಹಾಗೆಯೇ ಬೆಳೆಸಿದರು: ಗಂಡ ಗೆರೆ ಎಳೆದ, ಹೆಂಡತಿ ಅದರೊಳಗೆ ಗಿಡ ತುಂಬಿದಳು. ಅಲ್ಲಿನ ಬಿಳಿ ಹೂಗಳ ಕೋಣೆಯನ್ನು ಸಂಜೆ ಬೆಳಕು ಇಳಿಯುವ ಹೊತ್ತಿಗೆ ನೋಡಬೇಕು. ಬಾಗಿಲು ಮುಚ್ಚುವ ಹೊತ್ತು ಕೇಳಿಕೊಂಡು ಕೊನೆಯವರೆಗೂ ಇರಿ.

ಇಂಥ ಮನೆತನಗಳಿಗೆ ಜನರನ್ನು ಒಳಗೆ ಬಿಡುವ ಅಗತ್ಯವೇನು?

ತೆರಿಗೆ. 20ನೆಯ ಶತಮಾನದಲ್ಲಿ ಒಡೆಯ ತೀರಿಕೊಂಡಾಗ ಆಸ್ತಿಯ ಮೇಲೆ ಕಟ್ಟಬೇಕಾದ ತೆರಿಗೆ ಏರುತ್ತಲೇ ಹೋಯಿತು. 1950ರಲ್ಲಿ ಡೆವನ್‌ಶೈರ್‌ನ ಹತ್ತನೆಯ ಡ್ಯೂಕ್ ತೀರಿಕೊಂಡಾಗ ಅದು ನೂರಕ್ಕೆ 80ರಷ್ಟಿತ್ತು. ಅದನ್ನು ತೀರಿಸಲು ಮನೆತನ ಹಾರ್ಡ್‌ವಿಕ್ ಹಾಲ್ ಎಂಬ ಇನ್ನೊಂದು ಬಂಗಲೆಯನ್ನೇ ಬಿಟ್ಟುಕೊಟ್ಟಿತು. ಎಷ್ಟೋ ಬಂಗಲೆಗಳನ್ನು ಕೆಡವಲಾಯಿತು. ಇಂದಿಗೂ ಮಹತ್ವದ ಮನೆ, ತೋಟಗಳಿಗೆ ಉತ್ತರಾಧಿಕಾರ ತೆರಿಗೆಯಲ್ಲಿ ಷರತ್ತಿನ ವಿನಾಯಿತಿ ಸಿಗುತ್ತದೆ. ಚೆನ್ನಾಗಿ ಕಾಪಾಡಬೇಕು ಮತ್ತು ಜನರಿಗೆ ತೋರಿಸಬೇಕು ಎಂಬುದು ಷರತ್ತು. ಜೊತೆಗೆ ಚಾವಣಿ ಸೋರುವುದನ್ನು ನಿಲ್ಲಿಸಲು ಟಿಕೆಟ್ಟಿನ ಹಣವೂ ಬೇಕು.

ಭಾರತದ ಗುರುತು ಇರುವ ತೋಟ ಯಾವುದಾದರೂ ಇದೆಯೇ?

ಗ್ಲಾಸ್ಟರ್‌ಶೈರ್‌ನ ಸೆಝಿನ್‌ಕೋಟ್‌ಗೆ ತಪ್ಪದೆ ಹೋಗಿ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ದುಡಿದು ಹಣ ತಂದ ಕಾಕರೆಲ್ ಮನೆತನ 1805ರ ಸುಮಾರಿಗೆ ಕಟ್ಟಿಸಿದ ಮನೆ. ಇಂಗ್ಲಿಷ್ ಹುಲ್ಲುಗಾವಲಿನ ನಡುವೆ ಹಸಿರು ತಾಮ್ರದ ಗುಮ್ಮಟ! ತೋಟದ ಕಟ್ಟಡಗಳಿಗೆ ನಕ್ಷೆ ಕೊಟ್ಟವನು ಭಾರತದಲ್ಲಿ ತಿರುಗಾಡಿ ನಮ್ಮ ದೇಗುಲಗಳನ್ನು ಚಿತ್ರಿಸಿದ ಥಾಮಸ್ ಡೇನಿಯಲ್. ಸೂರ್ಯನಿಗೊಂದು ಗುಡಿ, ಅದರ ಮುಂದೆ ಕೊಳ, ತೊರೆಗೊಂದು ಸೇತುವೆ, ಸೇತುವೆಯ ಮೇಲೆ ಮಲಗಿದ ನಂದಿಗಳು. ಚಾಮುಂಡಿ ಬೆಟ್ಟದ ನಂದಿಯನ್ನು ಕಂಡ ಕಣ್ಣಿಗೆ ಇವು ಪುಟ್ಟ ಕರುಗಳು. ಆದರೂ ಎದುರಿಗೆ ಈಶ್ವರನಿಲ್ಲದೆ ಮಳೆಯಲ್ಲಿ ಕುಳಿತ ಅವನ್ನು ನೋಡಿ ನನಗೆ ಸಂಕಟವಾಯಿತು. ತೋಟಕ್ಕೆ ಟಿಕೆಟ್ಟಿದೆ, ದಿನಗಳು ಕಡಿಮೆ. ಮುಚ್ಚಿದ್ದರೂ ಲಾಂಗ್‌ಬರೋ ಹಳ್ಳಿಯಿಂದ ಬರುವ ಸಾರ್ವಜನಿಕ ಕಾಲುದಾರಿಯಿಂದ ಮನೆ ಕಾಣುತ್ತದೆ.

ಗಡಿ ದಾಟಿ ವೇಲ್ಸ್‌ಗೆ ಹೋಗುವವರಿದ್ದರೆ ಪೋವಿಸ್ ಕೋಟೆ. ಬೆಟ್ಟದ ಮೇಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಅದರ ತೋಟ ಬ್ರಿಟನ್ನಿನ ಅತಿ ಸುಂದರ ತೋಟಗಳಲ್ಲೊಂದು. ರಾಬರ್ಟ್ ಕ್ಲೈವ್‌ನ ಮಗ ಎಡ್ವರ್ಡ್ ಈ ಮನೆತನದ ಹೆಣ್ಣು ಹೆನ್ರಿಯೆಟ್ಟಾಳನ್ನು ಮದುವೆಯಾಗಿದ್ದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅವನು ಮದರಾಸಿನ ಗವರ್ನರ್. ಮರುವರ್ಷ ಹೆನ್ರಿಯೆಟ್ಟಾ ಬೆಂಗಳೂರು, ಶ್ರೀರಂಗಪಟ್ಟಣಗಳಿಗೆ ಬಂದು ಹೋದಳು. ಹೂಬಳ್ಳಿಗಳ ಅಚ್ಚಿರುವ ಟಿಪ್ಪುವಿನ ಹತ್ತಿ ಬಟ್ಟೆಯ ಡೇರೆ ಇಂದು ಆ ಕೋಟೆಯ ಸಂಗ್ರಹದಲ್ಲಿದೆ.

ಹಾಗಾದರೆ ಇದೆಲ್ಲ ನಮ್ಮ ದುಡ್ಡು. ಇದನ್ನು ನೋಡಿ ಮೆಚ್ಚುವುದು ಸರಿಯೇ?

ಈ ಪ್ರಶ್ನೆಯನ್ನು ಕೇಳಿದವರಲ್ಲಿ ಹೆಚ್ಚಿನವರು ಯುವಕರು, ಮತ್ತು ಕೇಳಲೇಬೇಕಾದ ಪ್ರಶ್ನೆ. ಎಲ್ಲ ತೋಟಗಳೂ ಕಂಪನಿಯ ಹಣದವಲ್ಲ. ಆದರೆ ಹಲವು ತೋಟಗಳ ಹಿಂದೆ ಭಾರತದ ಲೂಟಿಯಿದೆ, ಕೆರಿಬಿಯನ್ ಗುಲಾಮರ ಬೆವರಿದೆ. ನ್ಯಾಷನಲ್ ಟ್ರಸ್ಟ್ ತಾನೇ 2020ರಲ್ಲಿ ವರದಿ ಹೊರತಂದು, ತನ್ನ 93 ತಾಣಗಳಿಗೆ ವಸಾಹತು ಅಥವಾ ಗುಲಾಮಗಿರಿಯ ನಂಟಿದೆ ಎಂದು ಹೇಳಿತು. ಇಲ್ಲಿ ಅದಕ್ಕೆ ದೊಡ್ಡ ಗದ್ದಲವೇ ಎದ್ದಿತು. ಗಿಡಗಳೂ ಹಾಗೇ. 1835ರಲ್ಲಿ ಜಾನ್ ಗಿಬ್ಸನ್ ಎಂಬ ಚಾಟ್ಸ್‌ವರ್ತ್‌ನ ತೋಟಗಾರನನ್ನು ಭಾರತಕ್ಕೆ ಕಳಿಸಿ ಖಾಸಿ ಬೆಟ್ಟಗಳ ಆರ್ಕಿಡ್‌ಗಳನ್ನು ತರಿಸಿದರು. ಮೇನಲ್ಲಿ ಜನ ಮುಗಿಬಿದ್ದು ನೋಡುವ ರೋಡೋಡೆಂಡ್ರನ್‌ಗಳಲ್ಲಿ ಎಷ್ಟೋ ತಳಿಗಳ ಮೂಲ ಹಿಮಾಲಯ.

ನಾನು ಹೋಗುತ್ತೇನೆ, ಮೆಚ್ಚುತ್ತೇನೆ, ಆ ಹಣ ಎಲ್ಲಿಂದ ಬಂತು ಎಂದು ಕೇಳುತ್ತೇನೆ. ಈ ಮೂರನ್ನೂ ಒಟ್ಟಿಗೆ ಮಾಡುವುದು ನನಗೆ ಕಷ್ಟವೆನಿಸಿಲ್ಲ. ಅಗೆದವನು, ನೆಟ್ಟವನು, ನೀರು ಹೊತ್ತವನು ಆ ಹಣದ ಒಡೆಯನಾಗಿರಲಿಲ್ಲ. ಮಾರ್ಗದರ್ಶಕರನ್ನು ಕೇಳಲು ಹಿಂಜರಿಯಬೇಡಿ. ಈಗೀಗ ಅವರು ನೇರವಾಗಿಯೇ ಉತ್ತರಿಸುತ್ತಾರೆ.

ನನ್ನ ಕೈಯಲ್ಲಿ ಒಂದೇ ದಿನವಿದೆ. ಎಲ್ಲಿಗೆ ಹೋಗಲಿ?

ರೌಶಮ್‌ಗೆ. ಬೆಳಿಗ್ಗೆ ಆಕ್ಸ್‌ಫರ್ಡ್‌ನಿಂದ ರೈಲು ಹತ್ತಿ. ಮೊದಲು ಎತ್ತರದ ಗೋಡೆಯೊಳಗಿನ ಹಳೆಯ ತೋಟ, ಅದರ ದುಂಡು ಪಾರಿವಾಳದ ಗೂಡು, ಗೋಡೆಗೆ ಒರಗಿಸಿ ಬೆಳೆಸಿದ ಹಣ್ಣಿನ ಮರಗಳನ್ನು ನೋಡಿ. ಆಮೇಲೆ ಮನೆಯ ಹಿಂದಿನ ಹುಲ್ಲುಹಾಸಿಗೆ ಬನ್ನಿ. ಅಲ್ಲಿ ಸಿಂಹವೊಂದು ಕುದುರೆಯ ಮೇಲೆ ಎರಗಿದ ಶಿಲ್ಪವಿದೆ. ಅದರ ಪಕ್ಕದಲ್ಲಿ ನಿಂತರೆ ಕೆಳಗೆ ಚರ್ವೆಲ್ ನದಿ, ಆಚೆ ಹೊಲಗಳು, ದೂರದ ದಿಬ್ಬದ ಮೇಲೆ ಕಣ್ಣು ಸೆಳೆಯಲೆಂದೇ ಕೆಂಟ್ ಕಟ್ಟಿಸಿದ ಹುಸಿ ಪಾಳುಗೋಡೆ. ಬುತ್ತಿ ಬಿಚ್ಚಲು ನದಿಯ ದಡ ಒಳ್ಳೆಯದು. ಹಿಂದಿರುಗುವ ರೈಲಿನ ವೇಳೆ ಮೊದಲೇ ಬರೆದಿಟ್ಟುಕೊಳ್ಳಿ, ಹೇಫರ್ಡ್‌ನಲ್ಲಿ ಎಲ್ಲ ರೈಲುಗಳೂ ನಿಲ್ಲುವುದಿಲ್ಲ.